41 ಮಿಲಿಮೀಟರಿನ ಓಟ

ಬೈಕು ಜಾಕ್ ಮೇಲಿದೆ, ಹಿಂದಿನ ಚಕ್ರ ನೆಲ ಬಿಟ್ಟು ತೂಗುತ್ತಿದೆ. ನೀವು ಕುಕ್ಕರಗಾಲಲ್ಲಿ ಕೂತು ಟೇಪಿನ ಒಂದು ತುದಿಯನ್ನು ಆಕ್ಸಲ್ಲಿಗೆ ಒತ್ತಿ ಹಿಡಿದಿದ್ದೀರಿ. ಇನ್ನೊಂದು ತುದಿ ಮೆಕ್ಯಾನಿಕ್ ಕೈಯಲ್ಲಿ, ಮಡ್‌ಗಾರ್ಡಿನ ಬೋಲ್ಟಿನ ನೇರಕ್ಕೆ. ಅವರು ಅಂಕಿಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಾರೆ. ವಿಲ್ಸನ್ ಗಾರ್ಡನ್ನಿನ ಈ ಓಣಿಯಲ್ಲಿ ಇನ್ನೂ ಅಂಗಡಿಗಳ ಶಟರು ಎದ್ದಿಲ್ಲ. ಗ್ಯಾರೇಜಿನ ಒಳಗೆ ಮಾತ್ರ ಟ್ಯೂಬ್‌ಲೈಟು, ಹಳೇ ಆಯಿಲಿನ ವಾಸನೆ.

ಎದುರಿಗಿರುವುದು 2016ಕ್ಕಿಂತ ಹಿಂದಿನ ಹಾರ್ಲೆ-ಡೇವಿಡ್ಸನ್ ಐರನ್ 883. ಹರಿಯಾಣದ ಬಾವಲ್‌ನಲ್ಲಿ ಜೋಡಣೆಯಾದ ಗಾಡಿ, ತೂಕ 250 ಕಿಲೊ ದಾಟುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕಂಪನಿ ಇಲ್ಲಿನ ಜೋಡಣೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಇಂಥ ಗಾಡಿ ಇಟ್ಟುಕೊಂಡವರು ಮಾರದೆ ಉಳಿಸಿಕೊಳ್ಳುವ ದಾರಿ ಹುಡುಕಿದರು. ಎಂಜಿನ್ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಚಿಂತೆಯೆಲ್ಲ ಸೊಂಟದ್ದು.

"ಈಗ ಕೂತ್ಕೊಳಿ ಸಾರ್, ಹೆಲ್ಮೆಟ್ ಜಾಕೆಟ್ ಎಲ್ಲ ಹಾಕ್ಕೊಂಡು."

ಜಾಕ್ ಇಳಿಯುತ್ತದೆ. ನೀವು ಕೂರುತ್ತೀರಿ, ಹುಡುಗನೊಬ್ಬ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಟೇಪು ಮತ್ತೆ ಅದೇ ಬೋಲ್ಟಿಗೆ. ಎರಡು ಅಂಕಿಗಳ ವ್ಯತ್ಯಾಸವೇ ಸ್ಯಾಗ್: ಗಾಡಿಯ ಮತ್ತು ಸವಾರನ ಭಾರಕ್ಕೇ ಹಿಂಭಾಗ ಎಷ್ಟು ಕುಸಿಯಿತು ಎಂಬ ಲೆಕ್ಕ. ಈ ಮಾದರಿಯಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವುದು ಒಟ್ಟು 41 ಮಿ.ಮೀ. ಮಾತ್ರ. ಅದರಲ್ಲಿ ಮೂರನೇ ಒಂದು ಭಾಗ ನೀವು ಕೂತಾಗಲೇ ಖರ್ಚು. ಗುಂಡಿಗೆ, ಹಂಪಿಗೆ, ಅಗೆದು ಮುಚ್ಚಿದ ಪೈಪ್‌ಲೈನಿನ ಗೆರೆಗೆ ಉಳಿಯುವುದು ಎರಡು ಬೆರಳಿಗಿಂತ ಕಡಿಮೆ. ಅದೂ ಮುಗಿದರೆ ಶಾಕ್ ಕೊನೆಯ ತಡೆಗೆ ತಾಗುತ್ತದೆ, ಮುಂದಿನ ಪೆಟ್ಟೆಲ್ಲ ನಿಮ್ಮ ಬೆನ್ನುಮೂಳೆಗೆ. ಸೀಟು ತಗ್ಗಾಗಿರಲಿ, ಎರಡೂ ಕಾಲು ನೆಲಕ್ಕೆ ಊರಲಿ ಎಂದು ಶಾಕ್ ಗಿಡ್ಡ ಮಾಡಿದ್ದಾರೆ. ಆ ತಗ್ಗು ಸೀಟಿನಿಂದ ಪೆಗ್ ಮೇಲೆ ಎದ್ದು ನಿಲ್ಲುವುದೂ ಸುಲಭವಲ್ಲ. 2016ರಲ್ಲಿ ಕಂಪನಿಯೇ ಹಿಂದಿನ ಶಾಕ್ ಸುಧಾರಿಸಿತು. ನಮ್ಮ ರಸ್ತೆಗೆ ಅದೂ ಸಾಲದು.

ಹಳೇ ಶಾಕಿನ ಬುಡದ ಉಂಗುರ ತೋರಿಸಿ ನೀವು ಕೇಳುತ್ತೀರಿ, ಇದನ್ನೇ ತಿರುಗಿಸಿ ಬಿಗಿ ಮಾಡಿದರೆ ಆಗುವುದಿಲ್ಲವೇ?

"ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ ಸಾರ್. ಗಾಡಿ ಮೇಲೇಳುತ್ತೆ, ಅಷ್ಟೆ."

ಬೈಕ್ ಓಡಿಸುವ ಎಷ್ಟೋ ಜನರಿಗೆ ಕೊನೆವರೆಗೂ ತಿಳಿಯದ ಸಂಗತಿ ಇದು. ಆ ಉಂಗುರ ಬದಲಿಸುವ ಪ್ರೀಲೋಡ್ ಎಂದರೆ ಗಾಡಿ ನಿಲ್ಲುವ ಎತ್ತರ. ಗಟ್ಟಿತನ ಇರುವುದು ಸ್ಪ್ರಿಂಗಿನ ತಂತಿಯಲ್ಲಿ, ಸುರುಳಿಯಲ್ಲಿ. ಸವಾರನ ತೂಕಕ್ಕೆ ಸ್ಪ್ರಿಂಗ್ ಹೊಂದದಿದ್ದರೆ ಎಷ್ಟು ದುಬಾರಿ ಶಾಕ್ ತಂದರೂ ದಂಡ.

ಹಿಂಭಾಗಕ್ಕೆ ಹೊಸ ಶಾಕ್ ಕೂರಿಸುವ ಕೆಲಸ ಬೇಗ ಮುಗಿಯುತ್ತದೆ. ಬದಿಗೆ ಎರಡೆರಡು ಬೋಲ್ಟು, ನಾಲ್ಕು ಬುಷ್. ಹೊಸ ಶಾಕ್ ಹಳೆಯದಕ್ಕಿಂತ ಒಂದೂವರೆ ಇಂಚು ಉದ್ದ, ಓಟ ಹೆಚ್ಚುಕಡಿಮೆ ಎರಡರಷ್ಟು, ಒಳಗೆ ನೈಟ್ರೋಜನ್ನು ಎಣ್ಣೆಯ ಜೊತೆ ಬೆರೆಯದಂತೆ ಬೇರೆ ಕೋಣೆ. ಹಿಂಭಾಗ ಏರಿತು ಎಂದರೆ ಸ್ವಿಂಗ್‌ಆರ್ಮಿನ ಕೋನ ಬದಲಾಯಿತು, ಅದರೊಂದಿಗೆ ಬೆಲ್ಟಿನ ಬಿಗಿಯೂ. ಆಕ್ಸಲ್, ಪಿವಟ್, ಮುಂದಿನ ಪುಲ್ಲಿ ಮೂರೂ ಒಂದೇ ಗೆರೆಗೆ ಬಂದಾಗ ಬೆಲ್ಟ್ ಅತಿ ಬಿಗಿ. ಅದಕ್ಕೇ ಅವರು ಸ್ವಿಂಗ್‌ಆರ್ಮನ್ನು ಆ ಗೆರೆಗೆ ಎತ್ತಿ, ಅಲ್ಲಿ ಬೆಲ್ಟ್ ನೋಡಿ, ಆಮೇಲೆ ಆಕ್ಸಲ್ ನಟ್ಟಿಗೆ ಟಾರ್ಕ್ ಕೊಡುತ್ತಾರೆ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಈಗ ಮೊದಲಿಗಿಂತ ಹೆಚ್ಚು ವಾಲುತ್ತದೆ.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು, ತಪ್ಪಾಗುವುದೂ ಅಲ್ಲೇ. ಹಿಂದೆ ಎತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ಫೋರ್ಕಿನ ಓರೆ ಕಡಿಮೆಯಾಗುತ್ತದೆ. ಮೊದಲೇ ಮೆತ್ತಗಿದ್ದ ಮುಂಭಾಗ ಬ್ರೇಕ್ ಹಿಡಿದ ಕೂಡಲೇ ಮುಗ್ಗರಿಸುತ್ತದೆ.

ಫೋರ್ಕಿನ ಕೆಲಸಕ್ಕೆ ತಾಳ್ಮೆ ಬೇಕು. 39 ಮಿ.ಮೀ.ಯ ಎರಡು ಕೊಳವೆ, 92 ಮಿ.ಮೀ. ಓಟ. ತಳದ ಅಲೆನ್ ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಇಂಪ್ಯಾಕ್ಟ್ ಗನ್ನಿನಲ್ಲಿ ಸಡಿಲಿಸಬೇಕು. ಸ್ಪ್ರಿಂಗ್ ತೆಗೆದಿರೋ, ಒಳಗಿನ ರಾಡೂ ಬೋಲ್ಟಿನ ಜೊತೆ ಗಿರ್ರೆಂದು ಸುತ್ತುತ್ತದೆ. ಮುಚ್ಚಳದ ಕೊನೆಯ ಸುತ್ತಿನಲ್ಲಿ ಮೆಕ್ಯಾನಿಕ್ ತಲೆ ಪಕ್ಕಕ್ಕೆ ಸರಿಸಿ, ಅಂಗೈ ಭಾರ ಅದರ ಮೇಲೇ ಇಟ್ಟಿರುತ್ತಾರೆ. ಟ್ರೇಗೆ ಸುರಿದ ಎಣ್ಣೆ ಬೂದು ಬಣ್ಣಕ್ಕೆ ತಿರುಗಿದೆ, ಮೂಗಿಗೆ ಅಡರುವ ನಾತ.

ಕೈಗೆ ಬಂದ ಡ್ಯಾಂಪರ್ ರಾಡನ್ನು ಅವರು ನಿಮಗೆ ಕೊಡುತ್ತಾರೆ. ಒಂದು ಕೊಳವೆ, ಬುಡದಲ್ಲಿ ಸಣ್ಣ ತೂತುಗಳು. ಚಕ್ರ ಮೇಲೇರಿದಾಗ ಎಣ್ಣೆ ಈ ತೂತುಗಳಲ್ಲಿ ನುಗ್ಗಬೇಕು. ಸೂಜಿಯಿಲ್ಲದ ಸಿರಿಂಜನ್ನು ಒತ್ತಿದಂತೆ: ನಿಧಾನ ಒತ್ತಿದರೆ ಸರಾಗ, ರಪ್ಪನೆ ಒತ್ತಿದರೆ ಕೈ ತಡೆಯುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹೀಗಾಗಿ ಬ್ರೇಕ್ ಹಿಡಿದಾಗ ಮುಳುಗುವ ಅದೇ ಫೋರ್ಕು ಚೂಪಾದ ಗುಂಡಿಗೆ ಬಿದ್ದಾಗ ಕಬ್ಬಿಣದ ಸಲಾಕೆಯಾಗಿ ಮಣಿಕಟ್ಟಿಗೆ ಹೊಡೆಯುತ್ತದೆ.

ಇದಕ್ಕೆ ಮದ್ದು ಎಮ್ಯುಲೇಟರ್. ಉಂಗುರದ ಗಾತ್ರದ ವಾಲ್ವ್, ಮೇಲೊಂದು ಪುಟ್ಟ ಸ್ಪ್ರಿಂಗ್. ರಾಡಿನ ಬುಡದ ಹಳೇ ತೂತುಗಳನ್ನು 8 ಮಿ.ಮೀ.ಗೆ ಕೊರೆದು ದೊಡ್ಡದು ಮಾಡಿದರೆ ಅವು ಎಣ್ಣೆಯನ್ನು ತಡೆಯುವ ಕೆಲಸ ಬಿಡುತ್ತವೆ, ಆ ಹೊಣೆ ವಾಲ್ವಿಗೆ ಬರುತ್ತದೆ. ಮೆಲ್ಲಗಿನ ಒತ್ತಡಕ್ಕೆ ಅದು ಬಿಗಿ, ಪೆಟ್ಟು ಬಿದ್ದರೆ ಬಾಯಿ ತೆರೆಯುತ್ತದೆ. ಡ್ರಿಲ್ಲಿನ ಸದ್ದು ಓಣಿಯಿಡೀ ಕೇಳುತ್ತದೆ. ಆಮೇಲೆ ಪ್ರತಿ ತೂತಿನ ಅಂಚನ್ನೂ ಒಳಗೂ ಹೊರಗೂ ಉಜ್ಜುತ್ತಾರೆ. ಲೋಹದ ಒಂದೇ ಒಂದು ಚೂರು ಒಳಗುಳಿದರೂ ಬುಷ್ ಹಾಳು. ಈ ಉಜ್ಜುವ ಕೆಲಸಕ್ಕೆ ಅವರು ಕೊಡುವ ಸಮಯ ನೋಡಿದರೆ ಸಾಕು, ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಕೇಳಬೇಕಿಲ್ಲ.

ಹೊಸ ಆಯಿಲ್ ಸೀಲು, ಬುಷ್. 15ಡಬ್ಲ್ಯೂ ಎಣ್ಣೆ: ಚಕ್ರ ಕೆಳಗಿಳಿಯುವ ವೇಗ ಈಗಲೂ ರಾಡಿನ ಮೇಲ್ತುದಿಯ, ಕೊರೆಯದೆ ಬಿಟ್ಟ ತೂತಿನದೇ ಮಾತು ಕೇಳುವುದರಿಂದ ಎಣ್ಣೆ ಮಂದವಿರಬೇಕು. ಸ್ಪ್ರಿಂಗ್ ಹಾಕುವ ಮುಂಚೆ, ಫೋರ್ಕನ್ನು ಪೂರ್ತಿ ಅದುಮಿ, ಮೇಲಂಚಿನಿಂದ ಎಣ್ಣೆಯವರೆಗಿನ ಖಾಲಿ ಜಾಗವನ್ನು ಎರಡೂ ಕಡೆ ಒಂದೇ ಸಮ ಅಳೆಯುತ್ತಾರೆ. ಆ ಗಾಳಿಯೂ ಒಂದು ಸ್ಪ್ರಿಂಗೇ. ಆಮೇಲೆ ಮಿಲಿಮೀಟರಿಗೆ 0.95 ಕಿಲೊದ ಹೊಸ ಸ್ಪ್ರಿಂಗ್, ಅದರ ಮೇಲೆ ಪಿವಿಸಿ ಪೈಪಿನ ಸ್ಪೇಸರ್. ಎಮ್ಯುಲೇಟರ್ ತಿಂದ ಎತ್ತರವನ್ನು ಕಳೆದೇ ಪೈಪು ಕತ್ತರಿಸಬೇಕು.

ಮಧ್ಯಾಹ್ನ ಕೆಂಗೇರಿ ದಾಟಿದ್ದೀರಿ. 2023ರ ಆಗಸ್ಟ್ 1ರಿಂದ ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ, ಅದರ ಹಂಪುಗಳೇ ಪರೀಕ್ಷೆ. ಮೊದಲನೆಯದು ಬರುತ್ತದೆ, ಅಭ್ಯಾಸಕ್ಕೆ ಹಲ್ಲು ಕಚ್ಚುತ್ತೀರಿ. ಮುಂದಿನ ಚಕ್ರ ಏರಿ ಇಳಿಯುತ್ತದೆ, ಹಿಂದಿನದೂ. ಧಡ್ ಎನ್ನುವ ಆ ಸದ್ದು ಇಲ್ಲ. ಬಸ್ಸೊಂದು ಅಡ್ಡ ಬಂದಾಗ ಬ್ರೇಕ್ ಒತ್ತುತ್ತೀರಿ. ಹ್ಯಾಂಡಲ್ ಸ್ವಲ್ಪ ಬಾಗಿ ಅಲ್ಲೇ ನಿಲ್ಲುತ್ತದೆ. ಆದರೆ ಹಂಪು ದಾಟಿದ ಮೇಲೆ ಸೀಟು ಎರಡು ಸಲ ತೂಗಾಡುತ್ತದೆ.

ಬಿಡದಿಯ ಬಳಿ ಸ್ಕೂಟರಿನಲ್ಲಿ ಹಿಂದೆಯೇ ಬಂದ ಮೆಕ್ಯಾನಿಕ್ ರಸ್ತೆ ಬದಿಗೆ ಕೂತು ಫೋರ್ಕಿಗೆ ಕಟ್ಟಿದ್ದ ಪ್ಲಾಸ್ಟಿಕ್ ಟ್ಯಾಗ್ ನೋಡುತ್ತಾರೆ. ಅದು ಸರಿದು ನಿಂತಿರುವುದು 74ರಲ್ಲಿ. 92ರಲ್ಲಿ ಇಷ್ಟು ಬಳಕೆಯಾಗಿ ಇನ್ನೂ ಉಳಿದಿದೆ ಎಂದರೆ ಮುಂಭಾಗ ಮುಟ್ಟಬೇಕಿಲ್ಲ. ತೂಗಾಟಕ್ಕೆ, ಕುಸಿದ ಶಾಕ್ ಮರಳಿ ಏಳುವ ವೇಗ ತಡೆಯುವ ಹಿಂದಿನ ರಿಬೌಂಡ್ ಗುಂಡಿಯನ್ನು ಎರಡೂ ಕಡೆ ಎರಡೆರಡು ಕ್ಲಿಕ್ ಬಿಗಿ ಮಾಡುತ್ತಾರೆ.

"ಅದೇ ಹಂಪಿಗೆ ಇನ್ನೊಂದ್ಸಲ ಹೋಗ್ಬನ್ನಿ. ತೂಗಾಟ ನಿಂತ್ರೆ ಇಲ್ಲಿಗೆ ಬಿಡೋಣ. ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡ್ರೆ ಪ್ರೀಲೋಡ್ ಎರಡು ಸುತ್ತು ಕೊಡಿ, ಇಳಿಸಿದ್ಮೇಲೆ ವಾಪಸ್ ತಿರುಗ್ಸೋದು ಮರೀಬೇಡಿ."