ಧರ್ಮಕಾಟಾ

ನವೆಂಬರ್ 2, 2025, ಭಾನುವಾರ
ಕುಷಾಯಿಗೂಡ, ಹೈದರಾಬಾದ್

ಕೊನೆಗೂ ಗಾಡಿ ಮನೆ ಮುಂದೆ ಬಂದು ನಿಂತಿತು. ಶಾಲೆಯ ಮಕ್ಕಳನ್ನು ಹೊತ್ತು ದಣಿದ 2014ರ ಟಾಟಾ ವಿಂಗರ್. ಮೈಯೆಲ್ಲ ಹಳದಿ, ಸೀಟಿನ ಸಂದಿಯಲ್ಲಿ ಯಾರದೋ ಪೆನ್ಸಿಲ್ ತುಂಡು. 2,60,000 ಕೊಟ್ಟೆ. ಒಟ್ಟು ನಾಲ್ಕು ಲಕ್ಷ ದಾಟಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಉಳಿದ 1,40,000ದಲ್ಲಿ ಮಲಗುವುದು, ಅಡುಗೆ, ಕರೆಂಟು, ನೀರು ಎಲ್ಲ ಆಗಬೇಕು.

ಇವಳು ಒಳಗೆ ಹತ್ತಿ, ನೆತ್ತಿ ಸವರಿಕೊಂಡು ಇಳಿದಳು. “ನಿಂತ್ರ ತಲಿ ಬಡೀತದ್ರಿ. ಕುಂತು ಅಡಗಿ ಮಾಡೂದು ನಮ್ಮವ್ವಗ ಗೊತ್ತಿತ್ತು. ಇನ್ನ ನಾನೂ ಕಲೀಬೇಕು.” ಬೇಡ ಅನ್ನಲಿಲ್ಲ. ಅಷ್ಟು ಸಾಕು.

ನವೆಂಬರ್ 5, ಬುಧವಾರ

ರಾತ್ರಿ ಲೆಕ್ಕ ಹಾಕಿ ನಿದ್ದೆ ಕೆಡಿಸಿಕೊಂಡೆ. ಗಾಡಿ ಲೀಟರಿಗೆ 11 ಕಿ.ಮೀ. ಕೊಡುತ್ತದೆ. ತಿಂಗಳಿಗೆ 1,500 ಕಿ.ಮೀ. ಓಡಿಸಿದರೆ 136 ಲೀಟರ್. ಇಲ್ಲಿಯ ದರ 95 ರೂಪಾಯಿ ಚಿಲ್ಲರೆ, ಅಂದರೆ ಡೀಸೆಲ್ಲಿಗೇ 13,000. ಮೇಲಿನ ಪೋರ್ಷನ್‌ನ ಬಾಡಿಗೆ 11,000, ಪಿಂಚಣಿ 3,200. ಉಳಿಯುವುದು 1,200. ಅದರಲ್ಲಿ ಉಣ್ಣಬೇಕು.

800 ಕಿ.ಮೀ.ಗೆ ಇಳಿಸಿದೆ. ಖರ್ಚು 7,000ಕ್ಕೆ ಬಂತು. ಜಹೀರಾಬಾದ್ ದಾಟಿ ಹುಮನಾಬಾದಿನಲ್ಲಿ ಟ್ಯಾಂಕ್ ತುಂಬಿಸಿದರೆ ಲೀಟರಿಗೆ ಮೂರು–ನಾಲ್ಕು ರೂಪಾಯಿ ಕಡಿಮೆ. ಹಣ ಬೇಕಾದದ್ದು ಓಡುವುದಕ್ಕೆ, ನಿಲ್ಲುವುದಕ್ಕಲ್ಲ. ಬಡವನ ಪ್ರವಾಸ ಎಂದರೆ ಒಂದೊಂದು ಊರಲ್ಲಿ ವಾರಗಟ್ಟಲೆ ಬಿಡಾರ.

ಕೆಳಗಿನ ಮನೆಯನ್ನೂ ಬಾಡಿಗೆಗೆ ಕೊಡೋಣ ಎಂದೆ. “ಕೊಡ್ರಿ, ಆದ್ರ ಹಿಂದಿನ ಖೋಲಿ ಬಿಟ್ಟು. ತಿರುಗಿ ಬಂದ್ರ ಕೀಲಿ ತೆಗೀಲಿಕ್ಕೆ ಒಂದು ಬಾಗಿಲರ ಬೇಕು.” ಅದರಿಂದ ಇನ್ನೊಂದು 5,000 ಬಂದೀತು.

ನವೆಂಬರ್ 10, ಸೋಮವಾರ

ಸೀಟು ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದೆ. ಕಾಗದಪತ್ರದ ಕೆಲಸ ಬಲ್ಲ ಪರಿಚಯದವರೊಬ್ಬರು ತಡೆದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿ ಇರುವುದನ್ನು ಬದಲಾಯಿಸುವ ಮೊದಲು ಒಪ್ಪಿಗೆ ಬೇಕು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್, ಕೇಂದ್ರದ 2004ರ ಅಧಿಸೂಚನೆಯಲ್ಲಿ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಮೊದಲು ಅರ್ಜಿ, ಆಮೇಲೆ ಬಡಗಿ.

ಹಳದಿ ಬೋರ್ಡು ಬಿಳಿಯಾಗಿ, ಗಾಡಿ ಖಾಸಗಿ ವ್ಯಾನಿನ ಸಾಲಿಗೆ ಸೇರಿದರೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸೂ ಸಿಗುತ್ತದೆ. ಆಗಸ್ಟ್ 15ರಿಂದ ಬಂದದ್ದು. 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ. ತಿಂಗಳಿಗೆ ಹತ್ತು ಟೋಲ್ ದಾಟಿದರೂ ಒಂದಕ್ಕೆ 25 ರೂಪಾಯಿ ಬಿದ್ದಂತಾಯಿತು.

ನವೆಂಬರ್ 16, ಭಾನುವಾರ

ಫ್ರಿಜ್ಜಿನ ಜಗಳ. ಸಣ್ಣ ಫ್ರಿಜ್ಜೇ, ಒಪ್ಪುತ್ತೇನೆ. ಆದರೆ ಅದಕ್ಕೆ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಬೇಕು, ಅದನ್ನು ಎತ್ತಲು ಇಬ್ಬರು ಬೇಕು. ಫ್ರಿಜ್ ಬಿಟ್ಟರೆ ಒಂದು ಸಣ್ಣ ಫ್ಯಾನು, ಎರಡು ದೀಪ, ಎರಡು ಫೋನು. ದಿನಕ್ಕೆ 300 ವಾಟ್-ಅವರ್. 100ರ ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಎರಡು ದಿನ ತಡೆಯುತ್ತದೆ.

“ಹಾಲು, ತರಕಾರಿ ದಿನಾ ತರೂಣು. ಖಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಫ್ರಿಜ್ ಯಾಕ?” ಎಂದು ಜಗಳ ಅವಳೇ ಮುಗಿಸಿದಳು. ತಿಂಗಳ ರೊಟ್ಟಿ ಊರಿಂದ ಬಡಿಸಿಕೊಂಡು ಬಂದರೆ 5 ಕಿಲೋ ಸಿಲಿಂಡರೂ ಬಹಳ ದಿನ ಬಾಳುತ್ತದೆ. ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಕಪಾಟಿಗೆ 18 ಮಿ.ಮೀ. ಬದಲು 12 ಮಿ.ಮೀ. ಪ್ಲೈ ಸಾಕು. ಹಾಳೆಗೆ ಹತ್ತು ಕಿಲೋ ಉಳಿತಾಯ. ಚರ್ಲಪಲ್ಲಿಯ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಇಷ್ಟು ತಿಳಿಯದಿದ್ದರೆ ಹೇಗೆ? ಪ್ರತಿಯೊಂದರ ತೂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿಗೆ ಗುಂಡ್ಲುಪೇಟೆ, ಅಲ್ಲಿಂದ ವಯನಾಡು ಅಂದುಕೊಂಡಿದ್ದೇವೆ. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಅವತ್ತು ಸಂಜೆಯೇ ಗುಂಡ್ಲುಪೇಟೆಯಲ್ಲಿ ಬಂಕ್ ನೋಡಿ ನಿಲ್ಲಬೇಕು. ಅವಳದು ಒಂದೇ ಷರತ್ತು. ನೋಟ ಹೇಗಾದರೂ ಇರಲಿ, ಶೌಚಾಲಯ ನೋಡಿದ ಮೇಲೆಯೇ ಬಿಡಾರ.

ನವೆಂಬರ್ 22, ಶನಿವಾರ, ರಾತ್ರಿ

ಪರೀಕ್ಷೆ. ಸೀಟಿನ ಮೇಲೆ ಹಲಗೆ, ಅದರ ಮೇಲೆ ಗಾದಿ. ಗಾಡಿ ನಮ್ಮ ಮನೆ ಮುಂದೆಯೇ. ನಿಯಮ ಇಷ್ಟೇ: ಬೆಳಗಾಗುವವರೆಗೆ ಯಾರೂ ಮನೆಯೊಳಗೆ ಹೋಗುವಂತಿಲ್ಲ. ನೀರು ಎರಡು ಕ್ಯಾನ್, 40 ಲೀಟರ್.

ಹನ್ನೆರಡರ ಮೇಲೆ ಗಸ್ತಿನ ಪೊಲೀಸ್ ಗಾಜು ತಟ್ಟಿದ. ಮನೆ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. ಎದುರಿನ ಬಾಗಿಲು ತೋರಿಸಿದೆ. ಬೀಗ ನೋಡಿದ, ನಮ್ಮನ್ನು ನೋಡಿದ. “ಜಗಳ ಆಡಿದಿರಾ ಅಂಕುಲ್?” ಇವಳು ದುಪ್ಪಟಿಯಲ್ಲಿ ಮುಖ ಮುಚ್ಚಿ ನಕ್ಕಳು.

ನವೆಂಬರ್ 23, ಭಾನುವಾರ

ಏಳಕ್ಕೇ ನೀರು ಮುಗಿಯಿತು. ಸ್ನಾನಕ್ಕೆ ಹೋದದ್ದು ಕಡಿಮೆ, ಪಾತ್ರೆಗೇ ಹೆಚ್ಚು. ಇನ್ನು ಊಟ ಮುತ್ತುಗದ ಎಲೆಯಲ್ಲಿ.

ಬ್ಯಾಟರಿ, ಸಿಲಿಂಡರ್, ತುಂಬಿದ ಕ್ಯಾನ್, ಪ್ಲೈ ಎಲ್ಲ ಹೇರಿಕೊಂಡು ಇಂಡಸ್ಟ್ರಿಯಲ್ ಏರಿಯಾದ ಧರ್ಮಕಾಟಾಕ್ಕೆ ಹೋದೆವು. ಹೋದ ವಾರ ಖಾಲಿ ಗಾಡಿಯನ್ನು ಅಲ್ಲೇ ತೂಗಿಸಿದ್ದೆ. ಆರ್‌ಸಿಯ ಮಿತಿಯೊಳಗೇ ಇದ್ದೇವೆ. ಆದರೆ ನನ್ನ ನೋಟ್‌ಬುಕ್ಕಿನ ಮೊತ್ತಕ್ಕಿಂತ 60 ಕಿಲೋ ಹೆಚ್ಚು. ಕಾಟಾದವನಿಗೆ ಇನ್ನೊಮ್ಮೆ ನೋಡಲು ಹೇಳಿದೆ. ಮತ್ತೆ ಅಷ್ಟೇ. ಅವಳ ರೊಟ್ಟಿ ಡಬ್ಬಿಯ ಮೇಲೆ ನನ್ನ ಗುಮಾನಿ.

ಮಾತಾಡದೆ ಇಳಿದು ಹಿಂದಿನ ಬಾಗಿಲು ತೆಗೆದಳು. ಕೊನೆಯ ಸೀಟಿನ ಕೆಳಗಿಂದ ಗೋಣಿಚೀಲ ಸರಿಸಿದಳು. ನನ್ನ ಕಬ್ಬಿಣದ ಟೂಲ್‌ಬಾಕ್ಸ್, ಅದರ ಪಕ್ಕ ಬೆಂಚ್ ವೈಸ್. “ಇದು ಯಾರ ಲೆಕ್ಕಕ್ಕ ಹಚ್ಚೂದ್ರಿ?”

ಖಾಲಿ ಗಾಡಿ ತೂಗಿಸಿ ಬಂದ ದಿನವೇ ಇಟ್ಟಿದ್ದೆ. ಅದಕ್ಕೂ ತೂಕ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಸಂಜೆ ಹಿಂದಿನ ಖೋಲಿಯಲ್ಲಿ ಕೂತು ಆರಿಸಿದೆ. ಸ್ಪ್ಯಾನರ್ ಸೆಟ್, ಪ್ಲೈಯರ್, ಎರಡು ಸ್ಕ್ರೂಡ್ರೈವರ್, ಟೆಸ್ಟರ್: 4 ಕಿಲೋ, ಬರೆದುಕೊಂಡೆ. ವೈಸ್, ಮೈಕ್ರೋಮೀಟರ್, ಅರಗಳು ಅಲ್ಲೇ ಉಳಿದವು. ಕೀಲಿ ಅವಳ ಹತ್ತಿರ ಇದೆ.