ಕೂಸಿನ ಬೆನ್ನು

ಕಾಸರಗೋಡಿನ ನಮ್ಮ ಮನೆಗಳಲ್ಲಿ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಯರು ಅದರ ಬೆನ್ನನ್ನು ದಿನವೂ ಕಾಣುವವರು. ನೆಂಟರ ಮನೆಯೊಂದರಲ್ಲಿ ಕೂಸಿನ ಸೊಂಟದ ಮೇಲೆ ಮೃದುವಾದ ಗಂಟು ಕಂಡಾಗ, ಬಸುರಿನಲ್ಲಿ ಗ್ರಹಣ ನೋಡಿದ್ದೇ ಕಾರಣವೆಂದು ಎಲ್ಲರೂ ಬಾಣಂತಿಯನ್ನು ದೂರಿದರು. ಅವಳ ಕಣ್ಣೀರು ನನ್ನಿಂದ ಇದನ್ನು ಬರೆಯಿಸುತ್ತಿದೆ.

ಮುಂದೆ ಬೆನ್ನುಹುರಿಯಾಗುವ ನಾಳವು ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ಆಗ ತಿಳಿದಿರುವುದಿಲ್ಲ. ಆ ಭಾಗದ ಬೆಳವಣಿಗೆ ಅಪೂರ್ಣವಾಗಿ ಉಳಿದರೆ ‘ಸ್ಪೈನಾ ಬೈಫಿಡಾ’. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣಗಳು ಹಲವು, ಫೋಲಿಕ್ ಆಮ್ಲದ ಕೊರತೆ ಅವುಗಳಲ್ಲೊಂದು. ಹಿಂದಿನ ಬಸುರಿನಲ್ಲಿ ಇಂತಹ ದೋಷ ಕಂಡಿದ್ದ ತಾಯಂದಿರಲ್ಲಿ ಈ ಆಮ್ಲವು ಅದು ಮರುಕಳಿಸುವುದನ್ನು ಶೇಕಡಾ 72ರಷ್ಟು ತಗ್ಗಿಸಿತೆಂದು 1991ರಲ್ಲಿ ಬ್ರಿಟನ್ನಿನ ನೇತೃತ್ವದ ಪ್ರಯೋಗವೊಂದು ತೋರಿಸಿತು. ಆದುದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಬಸುರಿಗೆ ಮೊದಲೇ ಆರಂಭಿಸಬೇಕು. ಹಿಂದೆ ದೋಷ ಕಂಡಿದ್ದವರಿಗೆ ಬೇಕಾದ ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಹೇಳುವರು.

ಪೃಷ್ಠದ ಸೀಳಿನೊಳಗಿನ ಸಣ್ಣ ಕುಳಿ ಸಾಮಾನ್ಯವಾಗಿ ನಿರಪಾಯ. ಅದಕ್ಕಿಂತ ಮೇಲೆ ಕುಳಿ, ಕೂದಲ ಗೊಂಚಲು, ಗಂಟು ಅಥವಾ ಕೆಂಪು ಮಚ್ಚೆ ಕಂಡರೆ, ಅಲ್ಲಿ ತಿಕ್ಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ತಾಯಿಯನ್ನು ಹಳಿಯುವುದರಲ್ಲಿ ಕಳೆದ ದಿನಗಳು ಕೂಸಿನ ಚಿಕಿತ್ಸೆಗೆ ಸಲ್ಲಬೇಕಾಗಿದ್ದ ದಿನಗಳು.