ತಿಥಿ ತಪ್ಪದ ಅತಿಥಿಗಳು

ಪುಸ್ತಕದಲ್ಲಿ ದೊರೆಯದ ಪಾಠವೊಂದನ್ನು ಮಕ್ಕಳಿಗೆ ಕಲಿಸಬೇಕೆಂಬ ಅಭಿಲಾಷೆಯುಳ್ಳ ಗೃಹಸ್ಥರು ಚಳಿಗಾಲದಲ್ಲಿ ಒಮ್ಮೆ ಮಾಗಡಿಯ ಕೆರೆಯನ್ನು ನೋಡಿ ಬರತಕ್ಕದ್ದು. ಇದು ಬೆಂಗಳೂರಿಗೆ ಸಮೀಪದ ಮಾಗಡಿಯಲ್ಲ; ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ, ಗದಗಿನಿಂದ ಸುಮಾರು 26 ಕಿಲೋಮೀಟರು ದೂರದಲ್ಲಿರುವ ಗ್ರಾಮ. ಕಳೆದ ಪುಷ್ಯಮಾಸದಲ್ಲಿ ಮೂವರು ಮೊಮ್ಮಕ್ಕಳೊಡನೆ ನಾನು ಅಲ್ಲಿಗೆ ಹೋಗಿದ್ದೆನು.

ಏರಿಯ ಮೇಲೆ ನಿಂತೊಡನೆ ಮಕ್ಕಳ ಮಾತು ತಾನಾಗಿಯೇ ನಿಂತುಹೋಯಿತು. ನೀರಿನ ತುಂಬ ಬೂದುಬಣ್ಣದ ದೊಡ್ಡ ಹಕ್ಕಿಗಳು. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು, ಕೊಕ್ಕು ಕಾಲುಗಳಿಗೆ ಕಿತ್ತಳೆಯ ಹಳದಿ. ಇವೇ ಪಟ್ಟೆತಲೆಯ ಹೆಬ್ಬಾತುಗಳು.

“ಅಜ್ಜಾ, ಇವು ಹಂಸಗಳೇ?” ಎಂದು ಕಿರಿಯವಳು ಕೇಳಿದಳು. ಕವಿಗಳು ವರ್ಣಿಸಿದ ಹಂಸವು ಈ ಕುಲದ್ದೇ ಎಂದು ಬಲ್ಲವರಲ್ಲಿ ಹಲವರ ಮತ. ಮೇಘದೂತದ ರಾಜಹಂಸಗಳು ಮಾನಸಸರೋವರಕ್ಕೆ ಹೊರಡುವ ಸಂದರ್ಭವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಅದನ್ನು ಬರಿಯ ಕವಿಕಲ್ಪನೆಯೆಂದು ಭಾವಿಸುತ್ತಿದ್ದರು. ಆದರೆ ಈ ಹಕ್ಕಿಗಳು ಮರಿಮಾಡುವುದು ಮಂಗೋಲಿಯ, ಟಿಬೆಟ್ಟು, ಲಡಾಖುಗಳ ಎತ್ತರದ ಸರೋವರಗಳಲ್ಲಿಯೇ. ಅಲ್ಲಿ ಹಿಮ ಕವಿಯಲು ಅವು ಹಿಮಾಲಯವನ್ನು ದಾಟಿ ಬರುವುವು. ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದ ಶಾಸ್ತ್ರಜ್ಞರು, ಕೆಲವು 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದುದನ್ನು ಕಂಡಿದ್ದಾರೆ. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಸೆಳೆದುಕೊಳ್ಳುವ ವಿಶೇಷಶಕ್ತಿ ಅವುಗಳ ರಕ್ತಕ್ಕುಂಟು.

ಹಗಲಲ್ಲಿ ಕೆರೆಯಲ್ಲಿ ವಿಶ್ರಮಿಸುವ ಇವು ಕತ್ತಲಾದಂತೆ ಸುತ್ತಣ ಹೊಲಗಳಿಗೆ ಮೇಯಲು ಹೋಗುವುವು. ಏರಿಯ ಬಳಿ ಸಿಕ್ಕಿದ ರೈತನೊಬ್ಬನನ್ನು, “ಬೆಳೆಗೆ ನಷ್ಟವಲ್ಲವೇ?” ಎಂದು ಹಿರಿಯ ಮೊಮ್ಮಗನು ಕೇಳಿದನು. “ನಷ್ಟ ಐತಿ ತಮ್ಮಾ. ಆದ್ರ ಅಷ್ಟು ದೂರದಿಂದ ಬಂದಾವು, ಕಲ್ಲು ಹ್ಯಾಂಗ ಒಗೀಲಿ?” ಎಂದನಾತ. ಬೆಳೆಯೇ ಬದುಕಾದವನು ಹೀಗೆ ನುಡಿಯುವುದು ಸುಲಭವಲ್ಲ.

ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ಹೇಳುವುದುಂಟು. ಈ ಅತಿಥಿಗಳಾದರೋ ಕಾಲ ತಪ್ಪದೆ ಕಾರ್ತಿಕದ ಸುಮಾರಿಗೆ ಬಂದು, ಬೇಸಗೆ ಬಲಿಯುವ ಮುನ್ನ ತೆರಳುವುವು. ತಪ್ಪುವುದಾದರೆ ಆತಿಥ್ಯ ಮಾತ್ರ ತಪ್ಪೀತು. 2024ರಲ್ಲಿ ಈ ಕೆರೆಯು ರಾಮ್ಸಾರ್ ತಾಣವೆಂದು ಘೋಷಿತವಾಗಿ ಜಗತ್ತಿನ ಮಾನ್ಯತೆಯನ್ನು ಪಡೆಯಿತು. ಆದರೆ ಹಕ್ಕಿಗಳು ಘೋಷಣೆಯನ್ನು ಓದಿ ಇಳಿಯುವುದಿಲ್ಲ; ಕೆರೆಯಲ್ಲಿ ನೀರಿರಬೇಕು, ಹೊಲದವನಲ್ಲಿ ತಾಳ್ಮೆಯಿರಬೇಕು. ಆ ತಾಳ್ಮೆಯ ಭಾರವೆಲ್ಲವೂ ಬಡ ರೈತನೊಬ್ಬನ ಮೇಲೆಯೇ ಬೀಳುವುದು ನ್ಯಾಯವಲ್ಲ. ಅವನ ನಷ್ಟವನ್ನು ತುಂಬಿಕೊಡುವುದು ಹಕ್ಕಿಗಳನ್ನು ನೋಡಿ ನಲಿಯುವ ಸಮಾಜದ ಋಣ.

ನೋಡಲು ಹೋಗುವವರು ಸೂರ್ಯೋದಯಕ್ಕೆ ಮೊದಲೇ ತಲುಪಬೇಕು; ಆಗ ಮೇದು ಹಿಂದಿರುಗುವ ಸಾಲುಗಳನ್ನು ಕಾಣಬಹುದು. ಕಣ್ಣುಕೋರೈಸುವ ಬಣ್ಣದ ಉಡುಪು ಬೇಡ. ತಿಂಡಿಯ ಪೊಟ್ಟಣಗಳನ್ನು ದಡದಲ್ಲಿ ಬಿಸುಡಬಾರದು. ಹಕ್ಕಿಗಳು ಹಾರುವುದನ್ನು ನೋಡುವ ಆಸೆಯಿಂದ ಚಪ್ಪಾಳೆ ತಟ್ಟದಂತೆ ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ಹಿಮಾಲಯವನ್ನು ದಾಟಿ ಬಂದ ದಣಿವಿಗೆ ನಾವು ಕೊಡಬಹುದಾದ ಮರ್ಯಾದೆಯೆಂದರೆ ಸ್ವಲ್ಪ ಹೊತ್ತಿನ ಮೌನವಷ್ಟೆ.